ನಡು ಬಳುಕಿದ ಗಾಡಿ

ನನ್ನ ಮೊಮ್ಮಗಳಿಗೆ ಇಬ್ಬರು ಅಜ್ಜಂದಿರು. ನಮ್ಮ ಸೀಮೆಯಲ್ಲಿ ಅಜ್ಜನನ್ನು ಮುತ್ಯಾ ಅನ್ನುತ್ತಾರೆ. ಅವಳಪ್ಪನ ಅಪ್ಪ ಶಹಾಬಾದಿನಲ್ಲಿ ಅವಳ ಜೊತೆ ಒಂದೇ ಮನೆಯಲ್ಲಿರುತ್ತಾರೆ. ಅವರು ಬರೀ 'ಮುತ್ಯಾ'. ನಾನು ಅವಳಮ್ಮನ ಅಪ್ಪ, ವಾಡಿಯಲ್ಲಿರುತ್ತೇನೆ. ನಾನು 'ವಾಡಿ ಮುತ್ಯಾ'. ಪ್ಯಾಸೆಂಜರ್ ಗಾಡಿ ಹತ್ತಿ ಸೀಟು ಹುಡುಕುವಷ್ಟರಲ್ಲಿ ಬರುವ ಊರಿಗೆ ಇಷ್ಟು ದೂರದ ಹೆಸರು. ಹೊರಗೆ ನಾನು ನಗುತ್ತಿದ್ದೆ. ಒಳಗೆ ಒಂಬತ್ತು ವರ್ಷದಿಂದ ಉರಿಯುತ್ತಿತ್ತು. ಒಂದು ಸಲವಾದರೂ ಆ ಹುಡುಗಿ ನನ್ನನ್ನು ಊರಿನ ಹೆಸರು ಬಿಟ್ಟು ಬರೀ 'ಮುತ್ಯಾ' ಎಂದು ಕರೆಯಲಿ ಎಂಬುದು ನನ್ನ ಆಸೆ. ಇದನ್ನು ಹೆಂಡತಿಗೂ ಹೇಳಿರಲಿಲ್ಲ, ಹೇಳಿದರೆ ಊರೆಲ್ಲ ನಗಿಸುತ್ತಾಳೆ ಎಂದು.

ಬೀಗರಿಗೂ ನನಗೂ ಅಷ್ಟಕ್ಕಷ್ಟೇ. ಅದಕ್ಕೆ ಕಾರಣ ಮಗಳ ಮದುವೆ. ನಾನು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವನು. ಬೋಗಿಗಳ ಗಾಲಿ ನೋಡುವುದು ಕೆಲಸ. ಉದ್ದ ಹಿಡಿಕೆಯ ಸುತ್ತಿಗೆಯಿಂದ ಒಂದೊಂದೇ ಗಾಲಿಗೆ ಬಡಿದು ಕಿವಿಗೊಡಬೇಕು. ಗಟ್ಟಿ ಗಾಲಿ ಠಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಭದ್ ಅನ್ನುತ್ತದೆ. ಮದುವೆಗೆ ಹೊರಟ ದಿನ ಸ್ಟೇಶನ್ನಿನಲ್ಲಿ ಪಕ್ಕದ ಲೈನಿನ ಬೋಗಿಯೊಂದು ವಿಚಿತ್ರವಾಗಿ ಕಿರುಗುಟ್ಟಿತು. ರೇಷ್ಮೆ ಪಂಚೆ ಎತ್ತಿ ಕಟ್ಟಿ ನೋಡಲು ಹೋದೆ. ಹೆಣ್ಣಿನ ಅಪ್ಪನನ್ನು ಬಿಟ್ಟು ದಿಬ್ಬಣ ಹತ್ತುವುದು ಹೇಗೆ? ಎಲ್ಲರೂ ನನಗಾಗಿ ಕಾದರು, ನಮ್ಮ ಗಾಡಿ ಮಾತ್ರ ಕಾಯಲಿಲ್ಲ. ಮುಂದಿನ ಗಾಡಿಗೆ ಹೋಗಿ ಚಪ್ಪರಕ್ಕೆ ಕಾಲಿಟ್ಟಾಗ ನನ್ನ ಕೈಗೆ ಗ್ರೀಸ್ ಮೆತ್ತಿತ್ತು. ಬೀಗರು ಅದನ್ನೇ ನೋಡಿ, ನೂರು ಜನರ ಮುಂದೆ ಕೇಳಿದರು: "ಬೀಗರು ಮದುವಿಗಿ ಬಂದಾರೋ, ಡ್ಯೂಟಿಗಿ ಬಂದಾರೋ?"

ಜನ ನಕ್ಕರು. ಅಂದಿನಿಂದ ನಾನು ಆ ಮನೆಗೆ ಹೋಗುವುದು, ಚಹಾ ಕುಡಿಯುವುದು, ಬರುವುದು. ಬೀಗರದು ಭಂಕೂರಿನ ಹತ್ತಿರ ಪರ್ಸಿ ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ. ಪರ್ಸಿ ಎಂದರೆ ನೆಲಕ್ಕೆ ಹಾಸುವ ನಮ್ಮ ಕಪ್ಪುಬೂದಿ ಬಣ್ಣದ ಕಲ್ಲು. ಅವರ ಮನೆಯ ನೆಲ ಪರ್ಸಿ, ಕಟ್ಟೆ ಪರ್ಸಿ, ಊಟದ ಮೇಜೂ ಪರ್ಸಿ. ಆ ಮನುಷ್ಯನ ಮನಸ್ಸೂ ಅದೇ ಸಾಮಾನಿನದು ಎಂದು ನಾನು ಹೆಂಡತಿಯ ಹತ್ತಿರ ಎಷ್ಟೋ ಸಲ ಹೇಳಿದ್ದೇನೆ.

ಹೀಗಿರುವಾಗ ಹೋದ ಚಳಿಗಾಲದಲ್ಲಿ ಮಗಳ ಫೋನು ಬಂತು. ಮೊಮ್ಮಗಳ ಶಾಲೆಯ ಗ್ಯಾದರಿಂಗಿನಲ್ಲಿ, ಎಂದರೆ ವಾರ್ಷಿಕೋತ್ಸವದಲ್ಲಿ, ಹೊಸದೊಂದು ಸ್ಪರ್ಧೆ ಇಟ್ಟಿದ್ದರು. ಪ್ರತಿ ಮಗುವಿಗೆ ಒಂದು ಪೈನ್ ಕಟ್ಟಿಗೆಯ ತುಂಡು, ನಾಲ್ಕು ಪ್ಲಾಸ್ಟಿಕ್ ಗಾಲಿ, ನಾಲ್ಕು ಮೊಳೆ. ಮನೆಯ ಹಿರಿಯರೊಬ್ಬರು ಅದರಲ್ಲಿ ಕಾರು ಮಾಡಬೇಕು, ಮಗು ಬಣ್ಣ ಹಚ್ಚಬೇಕು. ಇಂಜಿನ್ ಇಲ್ಲ, ಬ್ಯಾಟರಿ ಇಲ್ಲ. ಇಳಿಜಾರಿನ ಹಲಗೆ ಮೇಲಿಂದ ಬಿಟ್ಟರೆ ಅದು ಇಳಿದು ಶಾಲೆಯ ಪಡಸಾಲೆಯ ಪರ್ಸಿ ನೆಲದ ಮೇಲೆ ಓಡಬೇಕು. ಎಷ್ಟು ಕಲ್ಲು ದಾಟಿತು ಎಂದು ಎಣಿಸುತ್ತಾರೆ. ತೂಕ ಕಾಲು ಕಿಲೋ ಮೀರಬಾರದು.

"ಅಪ್ಪಾ, ಇಲ್ಲಿ ಮಾವ ಕಲ್ಲಿನ ಕಾರು ಮಾಡ್ತೀನಿ ಅಂತ ಕುಂತಾರ," ಎಂದಳು ಮಗಳು. "ಗಾಲಿ ವಿಷಯ ನಿಂಗ ಗೊತ್ತದ. ನೀ ಜರಾ ಬಂದು ಹೋಗು."

ಮುಂದಿನ ಗಾಡಿಗೇ ಹೊರಟೆ. ಅವತ್ತು ಪಕ್ಕದ ಲೈನಿನ ಕಡೆ ತಲೆ ಕೂಡ ತಿರುಗಿಸಲಿಲ್ಲ.

ಹೋಗಿ ನೋಡಿದರೆ ಬೀಗರು ಕಟ್ಟಿಗೆಯ ತುಂಡನ್ನು ಅನುಮಾನದಿಂದ ತಿರುಗಿಸಿ ನೋಡುತ್ತಿದ್ದರು. ನಾನು ಏನೂ ಕೇಳದೆ ಅದನ್ನು ಕೈಗೆ ತೆಗೆದುಕೊಂಡೆ. ಮೂವತ್ತು ವರ್ಷ ಬೋಗಿಯ ಕೆಳಗೆ ಮಲಗಿ ಕೆಲಸ ಮಾಡಿದವನಿಗೆ ಒಂದು ಆಟಿಕೆ ಗಾಡಿ ಯಾವ ಲೆಕ್ಕ? ಅವತ್ತು ಭಾನುವಾರ, ಇಡೀ ದಿನ ಕೆತ್ತಿದೆ. ಮೂತಿ ಚೂಪು ಮಾಡಿದೆ. ಚಂದ ಕಾಣಲಿ ಎಂದು ನಡು ಸಣ್ಣ ಮಾಡಿದೆ, ಎರಡು ಬೆರಳಿನಲ್ಲಿ ಹಿಡಿಯುವಷ್ಟು. ಕೆತ್ತಿ ಕೆತ್ತಿ ತೂಕ ಇಳಿಯಿತು, ಅದಕ್ಕೆ ನಡುವಿನಲ್ಲೇ ಕಬ್ಬಿಣದ ನಟ್ಟುಗಳನ್ನು ಕೂರಿಸಿದೆ. ಆಮೇಲೆ ನನ್ನ ವಿದ್ಯೆಗೆ ಕಳಸವಿಟ್ಟಂತೆ, ನಾಲ್ಕು ಬಾಲ್‌ಪೆನ್ನು ಬಿಚ್ಚಿ ಸ್ಪ್ರಿಂಗ್ ತೆಗೆದು ಗಾಲಿಗಳ ಮೇಲೆ ಇಟ್ಟೆ. ಸ್ಪ್ರಿಂಗ್ ಇಲ್ಲದ ಬೋಗಿ ಬೋಗಿಯೇ ಅಲ್ಲ ಎಂದು ನಾನು ಎಷ್ಟು ಹೊಸಬರಿಗೆ ಪಾಠ ಮಾಡಿಲ್ಲ!

ಮಂಚದ ಮೇಲಿಂದ ಹಲಗೆ ಇಳಿಬಿಟ್ಟು ಗಾಡಿಯನ್ನು ಬಿಟ್ಟೆವು. ಇಳಿಯುವಾಗ ಚೆನ್ನಾಗಿಯೇ ಇಳಿಯಿತು. ನೆಲಕ್ಕೆ ಬಂದು ಮೊದಲ ಪರ್ಸಿಯ ಸಂದು ದಾಟಿದ್ದೇ ನಡು ಬಳುಕಿಸಿತು. ಎರಡನೆಯ ಸಂದಿಗೆ ಮೈಯೆಲ್ಲ ಟರ್ರ್ ಎಂದು ನಡುಗಿತು. ಮೂರನೆಯದಕ್ಕೆ ಮೆರವಣಿಗೆಯ ಕುದುರೆಯ ಹಾಗೆ ಕುಣಿದು, ಅಡ್ಡ ತಿರುಗಿ, ಸೋಫಾದ ಕೆಳಗೆ ಹೋಗಿ ಕುಳಿತಿತು.

ಮೊಮ್ಮಗಳು ಬಗ್ಗಿ ಅದನ್ನು ಹೊರಗೆ ಎಳೆದಳು. ಬೀಗರು ಚಹಾ ಕುಡಿಯುತ್ತಾ ಕೂತಿದ್ದವರು ಕಪ್ಪು ಕೆಳಗಿಟ್ಟರು.

"ಬೀಗರ, ಗಾಡಿ ಛಲೋ ಅದರಿ. ಆದ್ರ ನಡು ಆಡಾಕತ್ತದ."

"ಸ್ಪ್ರಿಂಗ್ ಅದರಿ ಅದು. ಆಡ್ಲೇಬೇಕು," ಎಂದೆ.

"ಸ್ಪ್ರಿಂಗ್ ಯಾತಕ್ಕ ಇರ್ತದ್ರಿ?"

"ಒಳಗ ಕುಂತ ಮಂದಿಗಿ ಆರಾಮ ಆಗ್ಲಿ ಅಂತ."

"ಹಂಗಾದ್ರ ಇದರಾಗ ಯಾರು ಕುಂತಾರ?"

ಮೂವತ್ತು ವರ್ಷದಲ್ಲಿ ಯಾವ ಇನ್‌ಸ್ಪೆಕ್ಟರೂ ನನಗೆ ಅಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ಗಾಡಿ ನಿಜವಾಗಿ ತನ್ನ ಓಟವನ್ನೆಲ್ಲ ಕುಣಿತಕ್ಕೆ ಖರ್ಚು ಮಾಡುತ್ತಿತ್ತು. ನಡು ಬಾಗಿದಾಗ ಗಾಲಿಗಳು ಒಳಗೆ ತಿರುಗುತ್ತಿದ್ದವು, ನಡು ನೆಟ್ಟಗಾದಾಗ ಹೊರಗೆ. ಇದೆಲ್ಲ ನನಗೆ ಗೊತ್ತಿರುವ ವಿಷಯವೇ. ಆದರೆ ಒಬ್ಬ ಕಲ್ಲಿನ ಮನುಷ್ಯ ಅದನ್ನು ನನಗೆ ಹೇಳುವುದೇ? ಊಟಕ್ಕೂ ಕೂರದೆ ವಾಡಿಗೆ ಬಂದುಬಿಟ್ಟೆ.

"ಮತ್ತ ಏನಂದ್ರು ಬೀಗರು?" ಎಂದಳು ಹೆಂಡತಿ, ನನ್ನ ಮುಖ ನೋಡಿ.

"ಏನಿಲ್ಲ. ಚಹಾ ಛಲೋ ಇತ್ತು," ಎಂದೆ.

ಮುಂದಿನ ಭಾನುವಾರ ಹೋಗಿ ಸ್ಪ್ರಿಂಗ್ ಕಿತ್ತು ಹಾಕಿದೆ. ಕುಣಿತ ಕಮ್ಮಿಯಾಯಿತು, ನಡುಕ ಹೋಗಲಿಲ್ಲ. ಬೀಗರು ಅಷ್ಟರಲ್ಲಿ ತಮ್ಮ ಔಷಧಿ ತಯಾರು ಮಾಡಿ ಇಟ್ಟಿದ್ದರು: ಬೆರಳಗಲದ, ಸ್ಲೇಟಿಗಿಂತ ತೆಳ್ಳಗಿನ ಒಂದು ಪರ್ಸಿಯ ಪಟ್ಟಿ. ಅದನ್ನು ಗಾಡಿಯ ಹೊಟ್ಟೆಗೆ ಉದ್ದಕ್ಕೆ ಅಂಟಿಸಬೇಕಂತೆ.

"ಕಲ್ಲಿಗೆ ಬಾಗೋದು ಗೊತ್ತೇ ಇಲ್ರಿ," ಎಂದರು. "ಮುರೀತದ, ಬಾಗಂಗಿಲ್ಲ."

ಅವರ ಬಗ್ಗೆ ನಾನೂ ಅದನ್ನೇ ಹೇಳುತ್ತಿದ್ದೆನಲ್ಲ ಎಂದುಕೊಂಡೆ. ಬಾಯಲ್ಲಿ ಮಾತ್ರ, "ಗಾಡಿ ಹೊಟ್ಟಿಗಿ ಕಲ್ಲು ಕಟ್ಟಿದ್ದು ನಾ ಎಲ್ಲೂ ನೋಡಿಲ್ರಿ," ಎಂದೆ. ಅವರು, "ಬಾಲ್‌ಪೆನ್ ಕಟ್ಟಿದ್ದು ನಾನೂ ನೋಡಿರ್ಲಿಲ್ರಿ," ಎಂದರು. ಮಾತಿಗೆ ಮಾತು ಬೆಳೆಯಿತು. ಮೊಮ್ಮಗಳು ಹಳದಿ ಬಣ್ಣದ ಡಬ್ಬಿ ಮುಚ್ಚಿದಳು.

"ನೀವಿಬ್ರೂ ಜಗಳಾ ಆಡ್ತಿದ್ರ ನಾ ಬಣ್ಣ ಹಚ್ಚಂಗಿಲ್ಲ," ಎಂದಳು. "ಮುತ್ಯಾ, ನೀ ಕಲ್ಲು ಹಚ್ಚು. ವಾಡಿ ಮುತ್ಯಾ, ನೀ ಹಿಡ್ಕೋ."

ಹಿಡಿದುಕೊಂಡೆ. ಅಂಟು ಒಣಗಿದ ಮೇಲೆ ಬಿಟ್ಟು ನೋಡಿದರೆ ನಡು ಅಲ್ಲಾಡಲಿಲ್ಲ. ಆದರೂ ಎಲ್ಲೋ ಸಣ್ಣಗೆ ಟರ್ರ್ ಎನ್ನುತ್ತಿತ್ತು. ಬೀಗರು ಗಾಡಿಯನ್ನು ಅಂಗೈ ಮೇಲಿಟ್ಟು ಬೆರಳ ಗಿಣ್ಣಿನಿಂದ ಮೆಲ್ಲಗೆ ಬಡಿಯತೊಡಗಿದರು. ನನಗೂ ತಡೆಯಲಾಗಲಿಲ್ಲ, ಚಹಾದ ಚಮಚ ತೆಗೆದುಕೊಂಡು ಇನ್ನೊಂದು ಕಡೆಯಿಂದ ಬಡಿದೆ. ಸದ್ದು ಕೇಳಲು ಇಬ್ಬರೂ ಒಟ್ಟಿಗೆ ಬಗ್ಗಿದೆವು. ಇಬ್ಬರ ತಲೆಗಳೂ ಢಿಕ್ಕಿ ಹೊಡೆದವು. ಆ ಸದ್ದಿನಲ್ಲಿ ಬಿರುಕೇನೂ ಇರಲಿಲ್ಲ.

"ನೀವೂ ಹಿಂಗೇ ಬಡದು ಕೇಳ್ತೀರೇನ್ರಿ?" ಎಂದರು ಅವರು, ಹಣೆ ತಿಕ್ಕಿಕೊಳ್ಳುತ್ತಾ.

"ಹೌದ್ರಿ. ಗಾಲಿಗಿ."

"ನಾ ಪರ್ಸಿಗಿ. ಗಟ್ಟಿ ಇದ್ರ ಠಣ್ ಅಂತದ."

"ಬಿರುಕಿದ್ರ ಭದ್ ಅಂತದ," ಎಂದೆ ನಾನು.

ಆಮೇಲೆ ಒಂದೊಂದೇ ಮೂಲೆ ಬಡಿಯುತ್ತಾ ಬಂದೆವು. ಹಿಂದಿನ ಎಡಗಾಲಿಯ ಹತ್ತಿರ ಇಬ್ಬರ ಕೈಯೂ ಒಟ್ಟಿಗೇ ನಿಂತಿತು. ಅಲ್ಲಿ ಮೊಳೆ ಸಡಿಲಾಗಿತ್ತು. ಅಂಟು ಸುರಿದು ಬಿಗಿ ಮಾಡಿದೆವು. ಪಕ್ಕದ ಮನೆಯ ಅಕ್ಕಸಾಲಿ ಪತ್ತಾರರ ತಕ್ಕಡಿಯಲ್ಲಿ ತೂಗಿ, ಹೆಚ್ಚಾದಷ್ಟಕ್ಕೆ ನನ್ನ ಎರಡು ನಟ್ಟು ತೆಗೆದೆವು. ಕಲ್ಲು ಉಳಿಯಿತು.

ಸಂಜೆ ನನ್ನನ್ನು ಸ್ಟೇಶನ್ನಿಗೆ ಬಿಡಲು ಬೀಗರು ತಾವೇ ಬಂದರು. ಪ್ಲಾಟ್‌ಫಾರ್ಮಿನ ಬೆಂಚಿನ ಕಲ್ಲನ್ನು ಗಿಣ್ಣಿನಿಂದ ಬಡಿಯುತ್ತಾ, "ಆ ದಿನ ಮಂದಿ ಮುಂದ ನಾ ಹಂಗ ಅನ್ನಬಾರದಿತ್ರಿ," ಎಂದರು. "ಹೆಣ್ಣಿನ ಕಡಿಯವ್ರು ಬರಂಗಿಲ್ಲೇನೋ ಅಂತ ಭಾಳ ಹೆದರಿದ್ದೆ. ನೀವು ಕಂಡ ಕೂಡ್ಲೇ ಬಾಯಿಗೆ ಬಂದಿದ್ದು ಅಂದುಬಿಟ್ಟೆ."

ಇಷ್ಟು ವರ್ಷ ನಾನು ಹೊತ್ತು ತಿರುಗಿದ್ದು ಇವರ ಹೆದರಿಕೆಯನ್ನೇ ಎಂದು ಗೊತ್ತಾಗಿ ನಾಚಿಕೆಯಾಯಿತು. "ಕೈ ತೊಳಕೊಂಡು ಬರಬೇಕಿತ್ರಿ ನಾ," ಎಂದೆ. ಗಾಡಿ ಬಂತು.

ಸ್ಪರ್ಧೆಯ ದಿನ ಇಬ್ಬರೂ ಇಸ್ತ್ರಿ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತೆವು. ನಮ್ಮ ಗಾಡಿ ಹಳದಿ ಬಣ್ಣದಲ್ಲಿ ಮಿಂಚುತ್ತಿತ್ತು. ಉಳಿದವರದು ಒಂದು ಐದು ಕಲ್ಲು, ಒಂದು ಏಳು ಕಲ್ಲು, ಇನ್ನೊಂದರ ಗಾಲಿ ಮಾತ್ರ ಒಂಬತ್ತು ಕಲ್ಲು ಹೋಯಿತು, ಗಾಡಿ ಹಿಂದೆಯೇ ಉಳಿಯಿತು. ನಮ್ಮದು ಇಳಿದದ್ದೇ ತಿಳಿಯಲಿಲ್ಲ. ಸದ್ದಿಲ್ಲ, ಕುಣಿತವಿಲ್ಲ. ಸಂದು ಬಂದರೂ ಇಲ್ಲವೆಂಬಂತೆ ದಾಟಿ ಹದಿಮೂರನೆಯ ಕಲ್ಲಿನ ಮೇಲೆ ನಿಂತಿತು. ಬೀಗರು ನನ್ನ ತೊಡೆಗೆ ಬಡಿದರು. ಅದೂ ಠಣ್ ಅಂದಿರಬೇಕು, ರಾತ್ರಿಯವರೆಗೂ ನೋಯುತ್ತಿತ್ತು.

ಕೊನೆಗೆ ಉಳಿದದ್ದು ಶಾಲೆಯ ಎದುರಿಗೇ ಚುರುಮುರಿ ಅಂಗಡಿ ಇಟ್ಟುಕೊಂಡಿರುವ ಅಜ್ಜಿಯ ಮೊಮ್ಮಗಳದು. ಅದನ್ನು ನೋಡಿ ಜನ ನಕ್ಕರು. ಅದು ಗಾಡಿಯೇ ಅಲ್ಲ. ಶಾಲೆಯವರು ಕೊಟ್ಟ ಕಟ್ಟಿಗೆಯ ತುಂಡು, ಕೊಟ್ಟ ಹಾಗೆಯೇ ಚೌಕಾಗಿ, ಇಟ್ಟಿಗೆಯ ತಮ್ಮನಂತೆ ಇತ್ತು. ಅದಕ್ಕೆ ನಾಲ್ಕು ಗಾಲಿ ಬಡಿದು ಗುಲಾಬಿ ಬಣ್ಣ ಹಚ್ಚಿದ್ದರು, ಅಷ್ಟೇ.

ಆ ಇಟ್ಟಿಗೆ ಇಳಿಯಿತು. ಐದು ದಾಟಿತು, ಒಂಬತ್ತು ದಾಟಿತು. ನಮ್ಮ ಹದಿಮೂರನೆಯ ಕಲ್ಲನ್ನು ಅದು ತಿರುಗಿಯೂ ನೋಡಲಿಲ್ಲ. ಹದಿನಾರನೆಯ ಕಲ್ಲಿನ ಮೇಲೆ ಹೋಗಿ ನಿಂತಿತು.

ಬೀಗರು ಎದ್ದು ಹೋಗಿ ಅಜ್ಜಿಯ ಅನುಮತಿ ಕೇಳಿ ಅದನ್ನು ಬಡಿದು ನೋಡಿದರು. ಕೂತಲ್ಲೇ ನನಗೆ ಕೇಳಿಸಿತು, ಅಷ್ಟು ಗಟ್ಟಿ ಸದ್ದು.

"ಇದಕ್ಕೇನು ಮಾಡಿದ್ರಿ ಅಮ್ಮಾ?" ಎಂದು ಕೇಳಿದೆ, ನಾನೂ ಹತ್ತಿರ ಹೋಗಿ.

"ಏನ್ ಮಾಡ್ಲಿ ಯಪ್ಪಾ, ಅಂಗಡಿ ಬಿಟ್ಟು ಕುಂದ್ರಾಕ ಟೈಮ್ ಎಲ್ಲದ," ಎಂದಳು ಅಜ್ಜಿ. "ಕೊಟ್ಟಿದ್ದಕ್ಕ ನಾಕು ಗಾಲಿ ಬಡದು ಕೊಟ್ಟೆ."

ಆಗ ಬುದ್ಧಿ ಬಂತು. ಶಾಲೆಯವರು ಕೊಟ್ಟಾಗ ಆ ತುಂಡಿನ ತೂಕ ಸರಿಯಾಗಿತ್ತು, ನಡುವೂ ಗಟ್ಟಿಯಾಗಿತ್ತು. ಅದನ್ನು ಕೆತ್ತಿ ಬಳುಕುವಂತೆ ಮಾಡಿದವನು ನಾನು. ಆ ಬಳುಕು ನಿಲ್ಲಿಸಲು ಎರಡು ಊರಿನ ವಿದ್ಯೆ ಖರ್ಚಾಯಿತು. ಬೀಗರಿಗೆ ಇದು ನನಗಿಂತ ಮೊದಲೇ ಹೊಳೆದಿತ್ತು ಎಂದು ಅವರ ಮುಖ ಹೇಳುತ್ತಿತ್ತು. ಈ ಸಲವೂ ಸುತ್ತ ನೂರು ಜನ ಇದ್ದರು. ನಾನು ಕಾದೆ.

"ನಾವು ಸುಮ್ನ ಕೆತ್ತಬಾರದಿತ್ರಿ ಬೀಗರ," ಎಂದರು ಅವರು.

ನಾವು ಎಂದರು. ಆ ಒಂದು ಮಾತಿಗೆ ಅವರಿಗೆ ಜೀವನವಿಡೀ ಗ್ರೀಸ್ ಹಚ್ಚಿಕೊಡಲು ನಾನು ತಯಾರಿದ್ದೆ.

ಎರಡನೆಯ ಬಹುಮಾನ ಒಂದು ಸ್ಟೀಲ್ ಡಬ್ಬಿ. ಮನೆಗೆ ನಡೆಯುವಾಗ ಮೊಮ್ಮಗಳು ಬಹಳ ಹೊತ್ತು ಯೋಚನೆ ಮಾಡಿ, "ನೀವಿಬ್ರೂ ಏನೂ ಮಾಡದೇ ಇದ್ದಿದ್ರ ನಾ ಗೆಲ್ತಿದ್ದೆ, ಅಲ್ಲ?" ಎಂದಳು. ಇಬ್ಬರೂ ರಸ್ತೆ ನೋಡಿದೆವು. ಅವಳು ಬೀಗರ ಬೆರಳು ಹಿಡಿದುಕೊಂಡು, "ವಾಡಿ ಮುತ್ಯಾ, ಡಬ್ಬಿ ನೀ ಹಿಡ್ಕೋ," ಎಂದಳು. ಹಿಡಿದುಕೊಂಡೆ. ಹೋಗಲಿ, ಡಬ್ಬಿಯಾದರೂ ಸಿಕ್ಕಿತು ಎಂದುಕೊಂಡೆ. ಆದರೆ ಗಾಡಿಯಲ್ಲಿ ಕೂತು ವಾಡಿ ಬರುವವರೆಗೂ ಮನಸ್ಸು ಸಣ್ಣದಾಗಿತ್ತು.

ಈ ಬೇಸಿಗೆಯ ರಜೆಯಲ್ಲಿ ಅವಳು ತಾನಾಗಿ ಹಟ ಹಿಡಿದು ಒಂದು ವಾರ ನಮ್ಮಲ್ಲಿಗೆ ಬಂದಳು. ಅಮ್ಮನನ್ನು ಬಿಟ್ಟು ಒಬ್ಬಳೇ ಬಂದದ್ದು ಅದೇ ಮೊದಲು. ಚೀಲದಲ್ಲಿ ಬಟ್ಟೆಗಳ ಮೇಲೆ ಒಂದು ಹೊಸ ಕಟ್ಟಿಗೆಯ ತುಂಡು ಇತ್ತು. ಮೂರನೆಯ ದಿನ ನಾನು ಅಂಗಳದಲ್ಲಿ ಆ ತುಂಡಿಗೆ ಮೊಳೆಯ ಗುರುತು ಹಾಕುತ್ತಿದ್ದೆ. ಅವಳು ನನ್ನ ಹೆಗಲಿಗೆ ಒರಗಿಕೊಂಡು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಅತ್ತ ಕಡೆ ಬೀಗರ ದನಿಯೂ ಕೇಳುತ್ತಿತ್ತು, ಕಲ್ಲಿನ ಪಟ್ಟಿ ತಯಾರದ, ಕಳಿಸ್ಲೇನು ಎಂದು.

"ಬ್ಯಾಡ ಅಮ್ಮಾ," ಎಂದಳು ಅವಳು. "ಈ ಸಲ ಮುತ್ಯಾ ಕೆತ್ತಂಗೇ ಇಲ್ಲ ಅಂದಾನ. ಶಹಾಬಾದ್ ಮುತ್ಯಾಗ ಹೇಳು."

ನಾನು ಪೆನ್ಸಿಲ್ ಕೆಳಗಿಟ್ಟು ಹಿತ್ತಲಿಗೆ ಹೋಗಿ, ಬಹಳ ಹೊತ್ತು ನೀರಿನ ನಲ್ಲಿ ಬಿಗಿ ಮಾಡಿದೆ. ಅದು ಸೋರುತ್ತಿರಲಿಲ್ಲ.