ಅರ್ಧ ಮುಖ, ಅರ್ಧ ಮೀಸೆ

ಮೂವತ್ತೊಂದು ವರ್ಷದ ಕಸುಬಿನಲ್ಲಿ ನಮ್ಮ ಯಜಮಾನರ ಕುರ್ಚಿಯಿಂದ ಅರ್ಧ ಕ್ಷೌರಕ್ಕೇ ಎದ್ದುಹೋದ ಗಿರಾಕಿ ಒಬ್ಬನೇ ಒಬ್ಬ, ಬಸ್ ಡಿಪೋದ ಡ್ರೈವರಣ್ಣ. ಎಡಗೆನ್ನೆ ನುಣ್ಣಗೆ, ಬಲಗೆನ್ನೆ ತುಂಬ ನೊರೆ, ಕೊರಳಲ್ಲಿ ಬಿಳಿ ಬಟ್ಟೆ. ಆ ಅವತಾರದಲ್ಲೇ ಕಿರುಚುತ್ತ, ಕೆನ್ನೆ ಒತ್ತಿಹಿಡಿದುಕೊಂಡು ಬೀದಿಗೆ ಓಡಿದ. ಎದುರಿನ ವೆಲ್ಡಿಂಗ್ ಅಂಗಡಿಯವರು ಕೆಲಸ ಬಿಟ್ಟು ನೋಡುತ್ತ ನಿಂತರು. "ಕತ್ತಿ ತಾಗಿಸಿಬಿಟ್ಟ ಅನ್ಸುತ್ತೆ" ಎಂದು ಯಾರೋ ಅಂದರು. ನಮ್ಮವರ ಕಿವಿಗೆ ಬಿದ್ದದ್ದು ಅದೊಂದೇ ಮಾತು.

ಕತ್ತಿ ತಾಗಿರಲಿಲ್ಲ. ತಾಗಿದ್ದು ತಣ್ಣಗಿನ ನೊರೆ. ಡ್ರೈವರಣ್ಣನ ಬಲಗೆನ್ನೆಯ ನರಕ್ಕೆ ಕಾಯಿಲೆ ಹತ್ತಿತ್ತು. ತಣ್ಣಗಿನದು ಏನು ಸೋಕಿದರೂ ಕರೆಂಟು ಹೊಡೆದ ಹಾಗಾಗುತ್ತದೆ ಎಂದು ಡಾಕ್ಟರು ಹೇಳಿದ್ದು ಆಮೇಲೆ. ತಪ್ಪು ಯಾರದೂ ಅಲ್ಲ. ಆದರೆ ಇದನ್ನು ನಮ್ಮವರಿಗೆ ಹೇಳುವವರು ಯಾರು? ಮೂರು ತಿಂಗಳು ಅವರು ಅನ್ನ ತಿಂದದ್ದು ಅನ್ನದ ಹಾಗಿರಲಿಲ್ಲ.

ನಾನು ಅವರ ಹೆಂಡತಿ. ಮನೆಯ ಹಿಂದೆ ತಿಗರಿ ಇಟ್ಟುಕೊಂಡು ಹೂಕುಂಡ, ಬಟ್ಟಲು, ಮಗ್ ಮಾಡಿ ಸುಡುವುದು ನನ್ನ ಕೆಲಸ. ಹಾಗಾಗಿ ಅವರ ವಿಷಯದಲ್ಲಿ ನಾನು ಹೇಳುವುದರಲ್ಲಿ ಸ್ವಲ್ಪ ಹೊಗಳಿಕೆ, ಸ್ವಲ್ಪ ಹೊಟ್ಟೆಯುರಿ ಎರಡೂ ಇರುತ್ತವೆ.

ಅವರ ಅಂಗಡಿಗೆ ಒಂದೇ ಕುರ್ಚಿ. ಮಾತು ಕಡಿಮೆ, ಗತ್ತು ಜಾಸ್ತಿ. ಬ್ರಶ್ ಮೇಲೆತ್ತಿದರೆ ನೊರೆ ಕೊಕ್ಕಿನ ಹಾಗೆ ನಿಲ್ಲಬೇಕು, ನಿಲ್ಲದಿದ್ದರೆ ಚೆಲ್ಲಿ ಮತ್ತೆ ಕಲಸುತ್ತಾರೆ, ಗಿರಾಕಿಗೆ ಬಸ್ಸು ತಪ್ಪಿದರೆ ತಪ್ಪಲಿ. ಮೇಲುತುಟಿಯ ಮೇಲೆ ಒಂದು ಮೀಸೆ. ದಿನಾ ಬೆಳಿಗ್ಗೆ ಅದರ ಎರಡು ತುದಿ ಸಮ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವಷ್ಟು ಹೊತ್ತು ಅವರು ನನ್ನ ಮುಖ ನೋಡಿದವರಲ್ಲ. ಇನ್ನು ನೊರೆ ಕಲಸುವ ಮಗ್. ಮದುವೆಯಾದ ವರ್ಷ ನಾನೇ ಮಾಡಿಕೊಟ್ಟದ್ದು, ಕೈ ಪಳಗದ ಕಾಲದ್ದು. ಹಿಡಿ ಸೊಟ್ಟ, ಅಂಚು ದಪ್ಪ. "ಅದನ್ನ ಎಸೀರಿ, ಚೆನ್ನಾಗಿರೋದು ಮಾಡ್ಕೊಡ್ತೀನಿ" ಎಂದು ಎಷ್ಟು ಸಲ ಹೇಳಿದ್ದೇನೋ. ಕೇಳುವವರಲ್ಲ. ಮಗ್ ಚೆನ್ನಾಗಿದೆ ಎಂದೂ ಒಮ್ಮೆಯೂ ಹೇಳಿದವರಲ್ಲ. ಹಿತ್ತಲ ಗಿಡ ಮದ್ದಲ್ಲ, ಬಿಡಿ.

ಚಳಿಗಾಲದ ಒಂದು ಮಧ್ಯಾಹ್ನ ಡ್ರೈವರಣ್ಣನ ಹೆಂಡತಿ ನಮ್ಮ ಮನೆಗೆ ಬಂದಳು.

"ಅಕ್ಕಾ, ಇನ್ನು ಇಪ್ಪತ್ತು ದಿನಕ್ಕೆ ಅವ್ರಿಗೆ ರಿಟೈರ್‌ಮೆಂಟು. ಡಿಪೋದಲ್ಲಿ ಬೀಳ್ಕೊಡುಗೆ ಇಟ್ಕೊಂಡಿದಾರೆ. ಇವ್ರು ಹೋಗಲ್ಲ ಅಂತ ಕೂತಿದಾರೆ. ಮೂವತ್ತಾರು ವರ್ಷ ಒಂದಿನಾನೂ ಗಡ್ಡ ಬಿಟ್ಕೊಂಡು ಬಸ್ ಹತ್ತಿದವ್ರಲ್ಲ. ಈ ಮುಖ ತಗೊಂಡು ಡಿಪೋ ಮೆಟ್ಲು ಹತ್ತಲ್ಲ ಅಂತಾರೆ. ಮಾತ್ರೆಯಿಂದ ನೋವು ಎಷ್ಟೋ ಕಮ್ಮಿಯಾಗಿದೆ. ತಣ್ಣಗಿರೋದು ತಾಗ್ಬಾರ್ದು, ಅಷ್ಟೇ."

ಆ ಸಂಜೆ ನಾನು ವಿಷಯ ಹೇಳಿದಾಗ ನಮ್ಮವರು ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಕೂತರು. ಮೊದಲು ಕತ್ತರಿ ಆಡಿಸಿದರೂ ಮೂರು ತಿಂಗಳ ಗಡ್ಡ ಒಂದು ಸುತ್ತಿಗೆ ಹೋಗುವುದಿಲ್ಲ, ಮೂರು ಸಲ ನೊರೆ ಹಚ್ಚಬೇಕು. ಮೂರನೆಯ ಸಲಕ್ಕೆ ಮಗ್ಗಿನ ನೊರೆ ನೆಲದಷ್ಟು ತಣ್ಣಗಾಗಿರುತ್ತದೆ. ಮಗ್ಗನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ನೋಡಿದರು. ಅದು ತೇಲಿ ಪಕ್ಕಕ್ಕೆ ವಾಲಿ ನೀರು ಕುಡಿಯಿತು, ನೊರೆಯೆಲ್ಲ ಗಂಜಿ.

ನನಗೆ ನೆನಪಾಯಿತು. ಊರೂರು ತಿರುಗುವ ಗಿರಾಕಿಯೊಬ್ಬ ಹಿಂದೆ ಅವರಿಗೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದ್ದ, ನಾನೂ ಇಣುಕಿ ನೋಡಿದ್ದೆ. ಕೆಳಗೆ ಬಿಸಿನೀರು ತುಂಬುವ ದುಂಡು ಹೊಟ್ಟೆ, ನೀರು ಹೊಯ್ಯಲು ಒಂದು ಮೂತಿ, ಮೇಲೆ ಆ ಹೊಟ್ಟೆಯೊಳಕ್ಕೆ ಇಳಿದ ಹಾಗೆ ನೊರೆಗೊಂದು ಸಣ್ಣ ಬಟ್ಟಲು. ಸ್ಕಟಲ್ ಅಂತ ಹೆಸರಂತೆ. ಆಗ ಇವರು ನಕ್ಕು, "ಇದೇನ್ರೀ, ಬಸುರಿ ಬಟ್ಟಲು" ಅಂದಿದ್ದರು.

"ಅದನ್ನ ನಾನು ಮಾಡ್ತೀನಿ" ಅಂದೆ.

"ನನ್ ಮಗ್ಗಲ್ಲಿ ಆಗ್ದೇ ಇರೋದು ಅದ್ರಲ್ಲಾಗುತ್ತಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಮಣ್ಣು ಕಲಸಿದೆ.

ಮೊದಲನೆಯದು ಭಟ್ಟಿಯಲ್ಲಿ ಸೀಳಿತು. ಅವಸರದಲ್ಲಿ, ಹೆಚ್ಚು ಒಣಗಿದ ಒಳಬಟ್ಟಲನ್ನು ಹಸಿ ಹೊಟ್ಟೆಗೆ ಕೂರಿಸಿದ್ದೆ. ಮೂವತ್ತು ವರ್ಷ ಮಣ್ಣು ತುಳಿದವಳು ಮಾಡಬಾರದ ತಪ್ಪು. ಸಿಟ್ಟಿನಲ್ಲಿ ಅದನ್ನು ಗೋಡೆಗೆ ಹೊಡೆದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿ ಕುಂಬಾರ್ತಿಯೂ ನಾನೇ, ದೊಣ್ಣೆಯೂ ನಾನೇ. ಎರಡನೆಯ ಸಲ ಹೊಟ್ಟೆ, ಬಟ್ಟಲು ಎರಡನ್ನೂ ಒಂದೇ ಒದ್ದೆ ಬಟ್ಟೆಯಡಿ ಇಟ್ಟು ಒಟ್ಟಿಗೆ ಆರಿಸಿದೆ. ಬ್ರಶ್ಶಿಗೆ ಹಿಡಿತ ಸಿಗಲೆಂದು ಬಟ್ಟಲ ಒಳಗೆ ಉಂಗುರ ಉಂಗುರವಾಗಿ ಗೀರು ಹಾಕಿದೆ. ಬೀಳ್ಕೊಡುಗೆಯ ಹಿಂದಿನ ದಿನ ಬೆಳಿಗ್ಗೆ ಅದು ಭಟ್ಟಿಯಿಂದ ಹೊರಬಂತು. ಬೆರಳಿನಿಂದ ತಟ್ಟಿದೆ, ಟಣ್ ಅಂತು. ನನ್ನ ಕಣ್ಣಲ್ಲಿ ನೀರು ಬಂದದ್ದು ಭಟ್ಟಿಯ ಬಿಸಿಗಲ್ಲ.

ನಮ್ಮವರು ಅದರ ಹೊಟ್ಟೆಗೆ ಕುದಿಯುವ ನೀರನ್ನೇ ಸುರಿದರು. ಬಿಸಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಲೆಕ್ಕ. ನೊರೆ ಕೊಕ್ಕು ಕಟ್ಟುವ ಮೊದಲೇ ಸತ್ತು ನೀರಾಯಿತು.

"ನೋಡ್ದ್ಯಾ?" ಅಂದರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಮುಖ.

"ಏನ್ ನೋಡೋದು? ಮುಖಕ್ಕೆ ಹಚ್ತೀರೋ, ಕೋಳಿ ಪುಕ್ಕ ಕೀಳ್ತೀರೋ? ಮಣಿಕಟ್ಟು ತಡೆಯೋಷ್ಟು ಬಿಸಿ ಇರೋ ನೀರು ಹಾಕ್ರೀ!"

ಹಾಕಿದರು. ಈ ಸಲ ನೊರೆ ಎದ್ದಿತು. ಅವರು ಬ್ರಶ್ ಕೆಳಗಿಟ್ಟರು.

"ದಪ್ಪ ಕೂದ್ಲ ಮೇಲೆ ನೋಡ್ದೇ ನಾನು ಆ ಮನುಷ್ಯನ್ನ ಮತ್ತೆ ಕೂರಿಸಲ್ಲ ಕಣೇ. ಇನ್ನೊಂದ್ಸಲ ಅವ್ನು ಕಿರುಚಿದ್ರೆ ನಾನು ಕತ್ತಿ ಹಿಡಿಯಲ್ಲ."

"ಗಡ್ಡ ಈಗ ಎಲ್ಲಿಂದ ತರ್ತೀರಿ? ನಿಮ್ಮದು ಬೆಳಿಗ್ಗೆ ತಾನೇ ಹೆರೆದಾಯ್ತು."

ಅವರು ಅಡುಗೆಮನೆ ಕಿಟಕಿಗೆ ಕನ್ನಡಿ ನಿಲ್ಲಿಸಿದರು. ಎಡಗಡೆಗೆ ಮಗ್, ಬಲಗಡೆಗೆ ಬಸುರಿ ಬಟ್ಟಲು ಇಟ್ಟುಕೊಂಡರು. ಎರಡರಲ್ಲೂ ನೊರೆ ಎಬ್ಬಿಸಿ, ಎಡ ಮೀಸೆಗೆ ಮಗ್ಗಿನದು, ಬಲ ಮೀಸೆಗೆ ಬಟ್ಟಲಿನದು ಹಚ್ಚಿದರು. ನಾನು "ರೀ, ರೀ" ಅನ್ನುವಷ್ಟರಲ್ಲಿ ಕತ್ತಿ ಆಡಿತ್ತು. ಮೊದಲ ಸುತ್ತು ಎರಡೂ ಒಂದೇ. ಎರಡನೆಯ ಸುತ್ತಿಗೆ ಎಡಗಡೆ ಮುಖ ಕಿವುಚಿದರು. ಮೂರನೆಯ ಸುತ್ತಿಗೆ ಎಡತುಟಿ ಚಳಿಗೆ ಹಿಂದೆ ಸರಿಯಿತು, ಬಲತುಟಿ ಸುಮ್ಮನಿತ್ತು. ಮುಖ ತೊಳೆದುಕೊಂಡು ತಿರುಗಿದರು. ಬರಿ ತುಟಿಯ ಆ ಮನುಷ್ಯನನ್ನು ನಾನು ಮದುವೆಯಲ್ಲೂ ನೋಡಿರಲಿಲ್ಲ.

"ನಿನ್ನ ಬಟ್ಟಲೇ ಸರಿ" ಅಂದರು. ಅಷ್ಟೇ.

ಮರುದಿನ ಬೆಳಿಗ್ಗೆ ಅಂಗಡಿಗೆ ನಾನೂ ಹೋದೆ, ಬಿಸಿನೀರಿನ ಫ್ಲಾಸ್ಕ್ ಹೊತ್ತುಕೊಂಡು. ಡ್ರೈವರಣ್ಣ ಮುಖಕ್ಕೆಲ್ಲ ಮಫ್ಲರ್ ಸುತ್ತಿಕೊಂಡು ಬಾಗಿಲವರೆಗೆ ಬಂದ, ಕುರ್ಚಿ ನೋಡಿದ, ಹೆಂಡತಿಯ ಕೈ ಬಿಡಿಸಿಕೊಂಡ.

"ಬೇಡಪ್ಪಾ. ನನ್ ಕೈಲಾಗಲ್ಲ. ತಪ್ಪು ತಿಳ್ಕೋಬೇಡ."

ನಮ್ಮವರು ನನ್ನ ಕೈಯಿಂದ ಫ್ಲಾಸ್ಕ್ ತೆಗೆದುಕೊಂಡರು. ಬಟ್ಟಲಿಗೆ ನೀರು ಹೊಯ್ದು, ಮಣಿಕಟ್ಟಿಗೆ ತಾಗಿಸಿ ನೋಡಿ, ತಿರುಗಿದರು. ಡ್ರೈವರಣ್ಣ ಅವರ ಮುಖವನ್ನೇ ನೋಡಿದ.

"ಏಯ್, ಮೀಸೆ ಎಲ್ಲೋ?"

"ಪರೀಕ್ಷೆಗೆ ಹೋಯ್ತು. ಮೂರು ಸುತ್ತು ತೆಗೆದು ನೋಡಿದೀನಿ. ಪಾಸಾಗಿದೆ, ಕೂತ್ಕೋ."

ಡ್ರೈವರಣ್ಣ ಮಫ್ಲರ್ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ. ಕೂತ.

ಎಡಗೆನ್ನೆ ಆಯಿತು, ಗದ್ದ ಆಯಿತು. ನಾನು ಎರಡು ಸಲ ನೀರು ಬದಲಿಸಿದೆ. ಬಲಗೆನ್ನೆಗೆ ಬ್ರಶ್ ಇಟ್ಟಾಗ ಅವನ ಬೆರಳುಗಳು ಕುರ್ಚಿಯ ಕೈಯನ್ನು ಕಚ್ಚಿ ಹಿಡಿದವು. ಮೊದಲ ಸುತ್ತು. ಎರಡನೆಯದು. ಮೂರನೆಯದಕ್ಕೆ ಆ ಬೆರಳುಗಳು ಒಂದೊಂದಾಗಿ ಸಡಿಲವಾದವು. ಕೊನೆಗೆ ನಮ್ಮವರು ಬಿಸಿ ಟವೆಲ್ ಒತ್ತಿ ತೆಗೆದರು. ಡ್ರೈವರಣ್ಣ ತನ್ನ ಬಲಗೆನ್ನೆಯನ್ನು ತಾನೇ ಮುಟ್ಟಿಕೊಂಡ, ಮೆಲ್ಲಗೆ, ಬೇರೆಯವರ ಮಗುವಿನ ಕೆನ್ನೆ ಮುಟ್ಟುವ ಹಾಗೆ. ಅವನ ಹೆಂಡತಿ ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಈ ಪಾತ್ರೆ ಎಲ್ಲಿಂದ ತರಿಸ್ದೆ?" ಎಂದು ಡ್ರೈವರಣ್ಣ ಕೇಳಿದ.

"ತರ್ಸೋದೇನು? ನಮ್ಮನೆಯವಳು ಮಾಡಿದ್ದು." ಆಮೇಲೆ ಮೊಳೆಗೆ ತೂಗುಹಾಕಿದ್ದ ಸೊಟ್ಟ ಹಿಡಿಯ ಮಗ್ಗಿನ ಕಡೆ ಕೈ ಮಾಡಿ, "ಅದೂ ಅವಳದೇ. ಇಡೀ ಊರಿಗೆ ಆ ಮಗ್ ಸಾಕು. ಇದು ನಿನಗೆ" ಅಂದರು.

ಎದುರಿನ ವೆಲ್ಡಿಂಗ್ ಅಂಗಡಿಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಅಂದರು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತಿದ್ದೆ; ಅದು ಆಗಲೇ ಬಿಗಿಯಾಗಿತ್ತು.

ಬೀಳ್ಕೊಡುಗೆಯ ಫೋಟೋ ಈಗ ಅಂಗಡಿಯ ಕನ್ನಡಿಯ ಪಕ್ಕ ಇದೆ. ಡಿಪೋದವರೆಲ್ಲ ನೇರ ನೋಡುತ್ತಿದ್ದಾರೆ, ಡ್ರೈವರಣ್ಣನೊಬ್ಬ ಬಲಗೆನ್ನೆಯನ್ನು ಕ್ಯಾಮೆರಾಕ್ಕೆ ಕೊಟ್ಟು ನಿಂತಿದ್ದಾನೆ. ನಮ್ಮವರ ಮೀಸೆ ಮತ್ತೆ ಬೆಳೆದಿದೆ, ಎಡಗಡೆ ಒಂದು ಕೂದಲು ಉದ್ದ. ನಾನು ನೋಡಿದ್ದೇನೆ, ಅವರು ಇನ್ನೂ ನೋಡಿಲ್ಲ. ಈಚೆಗೆ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತರೆ ಅವರ ಕಣ್ಣು ಆ ಫೋಟೋದ ಕೆನ್ನೆಯ ಮೇಲೇ ಇರುತ್ತದೆ.