ಇಪ್ಪತ್ತಂಕದ ವೀರ

ಬನಿಯನ್ ಬಟ್ಟೆ ಕತ್ತರಿಸುವ ಮಾಸ್ಟರ್ ಅಂಗಪ್ಪನ್ ಹೆಣ್ಣು ನೋಡಲು ಕಿಣತ್ತುಕಡವಿಗೆ ಹೋದಾಗ ಹುಡುಗಿಯ ಮುಖವನ್ನೇ ನೋಡಲಿಲ್ಲವಂತೆ. ಕಾಫಿ ಕೊಡಲು ಬಾಗಿದವಳ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ತಿಕ್ಕಿ, ‘ಅರವತ್ತನೇ ನಂಬರ್ ನೂಲು’ ಎಂದನಂತೆ. ಅದನ್ನೇ ಒಪ್ಪಿಗೆಯೆಂದು ತಿಳಿದು ಹಿರಿಯರು ತಾಂಬೂಲ ಬದಲಿಸಿದರಂತೆ. ಈ ಸುದ್ದಿ ಪೊಳ್ಳಾಚಿ ಬಸ್ಸು ಹತ್ತಿ ಇಳಿಯುವಷ್ಟರಲ್ಲಿ, ಹತ್ತಿ ಬೆಳೆದ ಹೊಲದ ಯಜಮಾನ ಯಾರೆಂಬುದನ್ನೂ ಆ ಬೆರಳುಗಳು ಹೇಳಬಲ್ಲವು ಎಂಬಷ್ಟಕ್ಕೆ ಬೆಳೆದಿತ್ತು.

ಕೀರ್ತಿಯೆಲ್ಲ ಬೆರಳಿನದು, ಕರ್ಮವೆಲ್ಲ ಕಾಲಿನದು. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಮೇಜಿನ ಮುಂದೆ ಇಪ್ಪತ್ತೆರಡು ವರ್ಷ ನಿಂತು ಅವನ ಮೀನಖಂಡದ ನರಗಳು ಹಗ್ಗದಂತೆ ಗಂಟುಗಟ್ಟಿದ್ದವು. ಎಂಬತ್ತೆಂಟನೇ ಇಸವಿಯಲ್ಲಿ ಸೂಪರ್‌ವೈಸರ್ ಕೆಲಸ ಖಾಲಿಯಾದಾಗ ಅವನಿಗೆ ಬೇಕಾಗಿದ್ದದ್ದು ಪದವಿಯಲ್ಲ, ಗೌರವವೂ ಅಲ್ಲ. ಸೂಪರ್‌ವೈಸರಿಗೆ ಒಂದು ಕುರ್ಚಿ ಇತ್ತು.

ಕಂಪನಿಯ ಒಡೆಯ, ಮೊದಲಾಳಿ ಗೋಪಾಲಸಾಮಿ ಅವನ ಜಾತಿಯವನೇ, ಮನೆಯಲ್ಲಿ ಕನ್ನಡವಾಡುವ ನೇಕಾರರ ಕುಲ. ಪರದೇಶದ ಗಿರಾಕಿಗಳಿಗೆ ಕಾಗದ ಬರೆಯಲೆಂದು ಕಂಪ್ಯೂಟರ್ ತರಿಸಿ, ಅದರಲ್ಲಿ ರಾಕ್ಷಸರನ್ನು ಕೊಲ್ಲುವ ಆಟವಾಡುತ್ತ ಕೂತಿದ್ದ. ಆ ಆಟದಲ್ಲಿ ಮೊದಲು ಒಬ್ಬ ವೀರನನ್ನು ಮಾಡಬೇಕು. ಬಲ, ಕೈಚಳಕ, ಬುದ್ಧಿ, ಮಾತು, ಈ ನಾಲ್ಕಕ್ಕೆ ಇಪ್ಪತ್ತು ಅಂಕ ಹಂಚಬೇಕು. ಹಂಚಿದಂತೆ ಅವನ ಹಣೆಬರಹ. ಯಾರ ವೀರ ಕಾವಲುಗಾರನನ್ನು ದಾಟಿ ಆಟದ ಕೋಟೆಯೊಳಗೆ ಹೋಗುತ್ತಾನೋ ಅವನೇ ಸೂಪರ್‌ವೈಸರ್ ಎಂದು ಮೊದಲಾಳಿ ಸಾರಿಬಿಟ್ಟ.

ಅದೇ ಕೆಲಸಕ್ಕೆ ಕಣ್ಣಿಟ್ಟಿದ್ದ, ಹಾಜರಿ ಬರೆಯುವ ಟೈಮ್ ಆಫೀಸಿನ ಗುಮಾಸ್ತ ತಂಗಮಣಿ ಹದಿನಾರು ಅಂಕವನ್ನು ಮಾತಿಗೇ ಸುರಿದ. ಅವನ ವೀರನ ಹೊಗಳಿಕೆಗೆ ಕರಗಿ ಕಾವಲುಗಾರ ಬಾಗಿಲು ತೆರೆದದ್ದಲ್ಲದೆ ಸಲಾಮು ಬೇರೆ ಹೊಡೆದ.

ಅಂಗಪ್ಪನ ಮನೆತನದಲ್ಲಿ ಎರಡು ವಿದ್ಯೆ ಕಲಿತವರೇ ಇರಲಿಲ್ಲ. ಏಳು ವರ್ಷಕ್ಕೆ ಮಗ್ಗದ ಗುಂಡಿಗೆ ಇಳಿಸಿದರೆ ಮುಗಿಯಿತು, ಕೈ ಒಂದು ಪಳಗಿದರೆ ಅನ್ನ ಹುಟ್ಟುತ್ತದೆ ಎಂಬುದೇ ಅವರ ವೇದ. “ಇಪ್ಪತ್ತೂ ಕೈಗೇ ಹಾಕಿ ಮೊದಲಾಳಿ” ಎಂದ. ಏನಾಗುತ್ತದೆಂದು ಬಲ್ಲ ಗೋಪಾಲಸಾಮಿ ತಡೆಯಲಿಲ್ಲ. ಬದಲಿಗೆ ಮಿಷಿನ್ ನಿಲ್ಲಿಸಿ ಟೈಲರುಗಳನ್ನೆಲ್ಲ ನೋಡಲು ಕರೆಸಿದ.

ಅಂಗಪ್ಪನ ಮಹಾವೀರ ಕೋಟೆಯ ಬಾಗಿಲಿಗೆ ಬಂದ. ಕಾವಲುಗಾರ ಹೆಸರು ಕೇಳಿದ. ಮಾತಿಲ್ಲದ ವೀರ ಸುಮ್ಮನೆ ನಿಂತ. ಕತ್ತಿಯ ಹಿಡಿಯನ್ನು ಜಗತ್ತಿನಲ್ಲಿ ಯಾರೂ ಹಿಡಿಯದಷ್ಟು ನಾಜೂಕಾಗಿ ಹಿಡಿದ. ಬಲವಿಲ್ಲದ್ದರಿಂದ ಕತ್ತಿ ಮೇಲೇಳಲಿಲ್ಲ. ಬುದ್ಧಿಯೂ ಇಲ್ಲವಾಗಿ ಓಡಲಿಲ್ಲ. ಒಂದೇ ಏಟಿಗೆ ತಲೆ ಉರುಳಿತೆಂದು ಪರದೆಯ ಹಸಿರು ಅಕ್ಷರಗಳನ್ನು ಮೊದಲಾಳಿ ರಾಗವಾಗಿ ಓದಿ ಹೇಳಿದ. ಟೈಲರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಗಮಣಿ ಕಣ್ಣೊರೆಸಿಕೊಳ್ಳುತ್ತ ಹೋಗಿ ಆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ.

ಮೊದಲಾಳಿಗೆ ಇಷ್ಟು ಸಾಲಲಿಲ್ಲ. “ಏನ್ ಮಾಸ್ಟ್ರೇ, ಸಾಮಿ ಬಂದು ಇನ್ನೊಂದ್ ಜನ್ಮಕ್ಕೆ ಇಪ್ಪತ್ತಂಕ ಕೊಟ್ರೆ, ಆಗ್ಲಾದ್ರೂ ಯಾವುದ್ಕೆ ಹಾಕ್ತೀರ? ಮಾತ್ಗಾ, ಬುದ್ಧಿಗಾ?”

ಮಹಾವಾಕ್ಯವೊಂದು ಹೊರಬೀಳುತ್ತದೆಂದು ಎಲ್ಲರೂ ಕಿವಿಗೊಟ್ಟರು. ಅಂಗಪ್ಪನ್ ಮೇಜಿಗೆ ಒರಗಿ, ಒಂದು ಪಾದವನ್ನು ನೆಲದಿಂದ ಎತ್ತಿಕೊಂಡ.

“ಕಾಲ್ಗೆ, ಮೊದಲಾಳಿ. ನೋಯ್ತೈತೆ.”