ಶೆಟ್ಟರ ನಾನೂರು ಮೀಟರ್

ಪಾಯ್ಸರಿಗೆ ಅನುಮಾನ ಹುಟ್ಟುಗುಣ. ಬಂಗುಡೆ ಮೀನಿನ ಕಿವಿರು ಎತ್ತಿ ನೋಡದೆ ತೂಗಿಸಿದವರಲ್ಲ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಫ್ಲಾಟಿಗೆ ಬೀಗ ಹಾಕಿ, ಲಿಫ್ಟಿನಲ್ಲಿ ಕೆಳಗಿಳಿದು, ಮತ್ತೆ ಮೇಲೆ ಹೋಗಿ ಬೀಗ ಎಳೆದು ನೋಡುವವರು. "ನಿಮ್ಮನ್ನು ಕಟ್ಟಿಕೊಂಡು ಒಂದು ಸಿನಿಮಾಕ್ಕೂ ಹೊತ್ತಿಗೆ ಸರಿಯಾಗಿ ಹೋಗ್ಲಿಕ್ಕಾಗ್ಲಿಲ್ಲ" ಎಂಬುದು ಹೆಂಡತಿ ಸಿಸಿಲಿಯಾಳ ಹಳೆಯ ದೂರು.

ಈ ಗುಣಕ್ಕೆ ತಕ್ಕ ಕೆಲಸವೂ ಅವರಿಗೆ ಸಿಕ್ಕಿತ್ತು. ನಗರದ ಹೊರಗೆ, ಮರಳಿನ ನಡುವೆ ಇದ್ದ ಒಂದು ಶೂಟಿಂಗ್ ಕ್ಲಬ್ಬಿನ ಮೇಲ್ವಿಚಾರಣೆ. ಖಾಲಿ ಎಂದು ಯಾರು ಕೊಟ್ಟರೂ ಆ ಬಂದೂಕನ್ನು ತೆರೆದು, ಒಳಗೆ ಬೆರಳಿಟ್ಟು ನೋಡಬೇಕಾದ ಜಾಗ. ಅಲ್ಲಿ ಅನುಮಾನವನ್ನು ಯಾರೂ ಗೇಲಿ ಮಾಡುತ್ತಿರಲಿಲ್ಲ.

೨೦೧೪ರ ಬೇಸಿಗೆಯಲ್ಲಿ ಮೋಹನದಾಸ್ ಶೆಟ್ಟರು ರಜೆಯ ದಿನವಾದ ಶುಕ್ರವಾರಗಳಲ್ಲಿ ಅಲ್ಲಿಗೆ ಬರತೊಡಗಿದರು. ಕಾಪು ಕಡೆಯವರು, ದುಬೈಯಲ್ಲಿ ಏಸಿ ಕಂಪನಿಯ ಯಜಮಾನರು. ಅಕ್ಟೋಬರಿನಲ್ಲಿ ಅಮೆರಿಕದ ವಯೋಮಿಂಗ್ ಬೆಟ್ಟಗಳಿಗೆ ಹೋಗಿ ಎಲ್ಕ್ ಬೇಟೆಯಾಡುವುದೆಂದು ದುಡ್ಡು ಕಟ್ಟಿದ್ದರು. ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ. ಎಷ್ಟು ದೂರಕ್ಕೆ ಹೊಡೆಯಬಲ್ಲಿರಿ ಎಂದು ಅಲ್ಲಿನ ಗೈಡ್ ಫೋನಿನಲ್ಲಿ ಕೇಳಿದ್ದಕ್ಕೆ, ಶೆಟ್ಟರು ಹಿಂದೆಮುಂದೆ ನೋಡದೆ ನಾನೂರು ಮೀಟರ್ ಎಂದಿದ್ದರು.

"ಅದನ್ನು ಬಂದೂಕಿನ ಹತ್ರ ಅಲ್ಲ, ನಿಮ್ಮ ಕೈಯ ಹತ್ರ ಕೇಳ್ಬೇಕು ಶೆಟ್ರೆ" ಎಂದರು ಪಾಯ್ಸರು. "ಓಡಿ ಬಂದು, ಉಸಿರು ಮೇಲೆ ಕೆಳಗೆ ಆಗುವಾಗ, ಮೇಜು ಇಲ್ಲದೆ ನೆಲದಲ್ಲಿ ಕೂತು ಹೊಡೀಬೇಕು. ಎಲ್ಲ ಗುಂಡೂ ಊಟದ ತಟ್ಟೆಯಷ್ಟು ಜಾಗದಲ್ಲಿ ಬಿದ್ರೆ ಅದು ನಿಮ್ಮ ದೂರ. ಅದರಾಚೆ ಹೊಡೆದ್ರೆ ಗುಂಡು ಪ್ರಾಣಿಯ ಎದೆಗೆ ಬೀಳದೆ ಹೊಟ್ಟೆಗೆ ಹೋಗ್ತದೆ. ನೀವು ಊಟ ಮಾಡಿ ಮಲಗಿರ್ತೀರಿ, ಅದು ಕಾಡಲ್ಲಿ ನರಳ್ತಾ ಇರ್ತದೆ."

ಶೆಟ್ಟರು ಓಡಿದರು, ಬೆವೆತರು, ನಾನೂರರಿಂದ ಕೂತು ಹೊಡೆದರು. ಗುರಿಯ ಕಾಗದ ಬದಲಿಸುವ ಶುಕೂರ್ ಪಿಕಪ್ಪಿನಲ್ಲಿ ಹೋಗಿ ಕಾಗದ ತಂದ. ಎಲ್ಲ ತೂತುಗಳೂ ತಟ್ಟೆಯಗಲದೊಳಗೆ! ಮುಂದಿನ ಶುಕ್ರವಾರವೂ ಹಾಗೇ, ಅದರ ಮುಂದಿನದೂ ಹಾಗೇ. ಬಿಸಿಗಾಳಿಗೆ ಗುರಿಹಲಗೆಯೇ ನೀರಿನಲ್ಲಿ ನಿಂತಂತೆ ಕುಣಿಯುವ ದಿನವೂ ಶೆಟ್ಟರ ಕೈ ತಪ್ಪಲಿಲ್ಲ. ಶೆಟ್ಟರು ಉಬ್ಬಿದರು. ಪಾಯ್ಸರ ತಲೆಯೊಳಗೆ ಹುಳ ಹೊಕ್ಕಿತು.

ಒಂದು ಕಾಗದವನ್ನು ಮನೆಗೆ ಒಯ್ದು ದೀಪಕ್ಕೆ ಹಿಡಿದರು. ಗುಂಡು ಹೋದ ತೂತಿನ ಅಂಚಿಗೆ ಬೂದು ಮಸಿ ಹತ್ತಿರುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಮಸಿಯೇ ಇರಲಿಲ್ಲ, ಯಾರೋ ಚುಚ್ಚಿದಂತಿತ್ತು. ಹಾಗಾದರೆ ಶೆಟ್ಟರೇ ಶುಕೂರನಿಗೆ ಹೇಳಿ ಮಾಡಿಸುತ್ತಿದ್ದಾರೆಯೇ? ಬೇಟೆಯ ಕಥೆ ಕೊಚ್ಚಲಿಕ್ಕೆ ಸಾಕ್ಷಿ ಬೇಕಾಗಿದೆಯೇ? ಇಲ್ಲವೇ ಶುಕೂರನೇ ಶೆಟ್ಟರಿಗೆ ಬೆಣ್ಣೆ ಹಚ್ಚುತ್ತಿದ್ದಾನೆಯೇ? ವಾರವಿಡೀ ಇಬ್ಬರ ಮೇಲೂ ಹಲ್ಲು ಕಡಿದರು.

ಶುಕ್ರವಾರ ದುರ್ಬೀನಿನಲ್ಲಿ ಕಣ್ಣಿಟ್ಟು ಕೂತರು. ಶುಕೂರ್ ಹಲಗೆಯ ಮುಂದೆ ನಿಂತ. ಆಚೆ ಈಚೆ ನೋಡಿದ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕಾಗದಕ್ಕೆ ಚುಚ್ಚಿದ, ದೂರ ಬಿದ್ದ ತೂತುಗಳಿಗೆ ಬಿಳಿ ಚೀಟಿ ಅಂಟಿಸಿದ.

ಹಿಡಿದು ನಿಲ್ಲಿಸಿ ಕೇಳಿದರೆ ಅವನಿಗೆ ನಾಚಿಕೆಯೇ ಇಲ್ಲ. "ನನ್ನ ತಂಗಿ ಮಗ ಸಫ್ವಾನ್‌ಗೆ ಶೆಟ್ರು ಆಫೀಸಲ್ಲಿ ಕೆಲ್ಸ ಕೊಟ್ಟಿದ್ದಾರೆ ಪಾಯ್ಸರೆ. ಅಂಥವರ ಮುಖ ಸಣ್ಣ ಮಾಡ್ಲಿಕ್ಕೆ ಆಗ್ತದಾ? ಅವ್ರು ಹೇಳ್ಲಿಲ್ಲ, ನಾನಾಗಿ ಮಾಡಿದ್ದು. ಒಂದು ಕಾಗದ ಅಲ್ವಾ, ಖಲಾಸ್!"

"ಕಾಗದ ಅಲ್ಲ ಮಾರಾಯ. ಇದನ್ನು ನಂಬಿ ಅವರು ಜೀವ ಇರೂ ಪ್ರಾಣಿಗೆ ಹೊಡೀತಾರೆ."

ಶುಕೂರ್ ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡ.

ಮರುವಾರ ಪಾಯ್ಸರು ಕಾಗದದ ಬದಲು ಕಬ್ಬಿಣದ ತಟ್ಟೆ ತೂಗಿಸಿದರು. ಬಡಿದರೆ ಸದ್ದು, ತಪ್ಪಿದರೆ ಮೌನ. ಶೆಟ್ಟರು ನಾನೂರರಿಂದ ಹೊಡೆದರು. ಮೌನ. ಮತ್ತೆ ಹೊಡೆದರು. ಮರಳು ಚಿಮ್ಮಿತೇ ಹೊರತು ಸದ್ದಿಲ್ಲ. ಶೆಟ್ಟರ ಮುಖ ಕೆಂಪಗಾಯಿತು.

"ಎಂತ ಪಾಯ್ಸರೆ, ನನ್ನ ಬಂದೂಕಿನ ಸ್ಕೋಪ್ ತಿರುಗಿಸಿದ್ದೀರಾ?"

ಜೀವಮಾನವಿಡೀ ಊರವರನ್ನೆಲ್ಲ ಶಂಕಿಸಿದವರಿಗೆ, ತನ್ನನ್ನೇ ಒಬ್ಬರು ಶಂಕಿಸಿದಾಗ ಎದೆಗೆ ಒದ್ದಂತಾಯಿತು. "ಹತ್ತಿರ ಬನ್ನಿ" ಎಂದಷ್ಟೇ ಹೇಳಿದರು. ಮುನ್ನೂರರಲ್ಲಿ ಒಮ್ಮೆ ಬಡಿಯಿತು, ಒಮ್ಮೆ ಇಲ್ಲ. ಇನ್ನೂರಕ್ಕೆ ಬಂದಾಗ ಪ್ರತಿ ಸಲವೂ ಠಣ್ ಎಂದಿತು. ಸ್ಕೋಪಿಗೆ ಏನೂ ಆಗಿರಲಿಲ್ಲ.

ಶುಕೂರ್ ತಾನಾಗಿಯೇ ಮುಂದೆ ಬಂದು ಪೆನ್ಸಿಲಿನ ಸಂಗತಿ ಹೇಳಿದ. ಶೆಟ್ಟರು ಬೈಯುತ್ತಾರೆಂದು ಪಾಯ್ಸರು ಕಾದರು. ಶೆಟ್ಟರು ಮರಳಿನ ಮೇಲೆಯೇ ಕೂತುಬಿಟ್ಟರು. "ಹಾಗಾದ್ರೆ ಆಫೀಸಲ್ಲಿ ನಾನು ಹೇಳಿದ್ದಕ್ಕೆಲ್ಲ ಹೌದು ಹೌದು ಅಂತಾರಲ್ಲ ಶುಕೂರ್, ಅದು?" ಎಂದರು.

ಅಕ್ಟೋಬರಿನ ಒಂದು ಸಂಜೆ ವಯೋಮಿಂಗಿನಿಂದ ಫೋನು ಬಂತು.

"ಪಾಯ್ಸರೆ, ಇಲ್ಲಿ ಈಗ ಬೆಳಿಗ್ಗೆ. ನಿನ್ನೆ ದೊಡ್ಡದೊಂದು ಸಿಕ್ಕಿತ್ತು. ಮುನ್ನೂರರಾಚೆ ಇತ್ತು. ಗೈಡ್ ಹೊಡೀರಿ ಅಂದ. ನಾನು ಹೊಡೀಲಿಲ್ಲ. ಹತ್ತಿರ ಹೋಗುವಷ್ಟರಲ್ಲಿ ಅದು ಬೆಟ್ಟ ದಾಟಿ ಹೋಯ್ತು. ಇವತ್ತು ಬರಿಗೈಯಲ್ಲಿ ವಾಪಸ್ ಹೊರಟೆ."

ಪಾಯ್ಸರ ಮನಸ್ಸು ಸುಮ್ಮನಿರಲಿಲ್ಲ. ಹೊಡೆದು, ಗಾಯಮಾಡಿ, ಕಳೆದುಕೊಂಡು, ಈಗ ಕಥೆ ಕಟ್ಟುತ್ತಿದ್ದಾರೋ? ಬರಿಗೈಯಲ್ಲಿ ಬರುವವನಿಗೆ ಇದಕ್ಕಿಂತ ಒಳ್ಳೆಯ ಕಥೆ ಯಾವುದಿದೆ?

"ನಂಬಿಕೆ ಬರ್ಲಿಲ್ವಾ?" ಎಂದರು ಶೆಟ್ಟರು.

ಬಂತು ಎಂದರೆ ಮುಗಿಯುತ್ತಿತ್ತು. ಪಾಯ್ಸರ ನಾಲಿಗೆ ತುದಿಗೂ ಬಂದಿತ್ತು. "ಇಲ್ಲ ಶೆಟ್ರೆ" ಎಂದರು. "ಸುಳ್ಳು ಯಾಕೆ ಹೇಳ್ಲಿ, ಇನ್ನೂ ಬರ್ಲಿಲ್ಲ."



"ಆಫೀಸಿಗೂ ಫೋನ್ ಮಾಡಿದ್ದೆ ಮಾರಾಯ್ರೆ" ಎಂದರು ಶೆಟ್ಟರು. "ಎಲ್ರೂ ಶಾಬಾಸ್ ಅಂದ್ರು. ಯಾರು ನಂಬಿದ್ದು, ಯಾರು ನಂಬ್ಲಿಲ್ಲ, ನನಗೆ ಗೊತ್ತಾಗ್ಲಿಲ್ಲ."

ಕಥೆ ಕಟ್ಟಿದವನಿಗೆ ಆ ಶಾಬಾಸ್ ಸಾಕಾಗುತ್ತಿತ್ತು. ಪಾಯ್ಸರಿಗೆ ನಂಬಿಕೆ ಬಂದದ್ದು ಆಗ.